ಪರದೆಯ ಒಳಗಿನ ಖೈರೂನ ಮೌಶಿ

ಯಾರ ಮೈ ಮುಟ್ಟಬೇಕಾದರೂ ಖೈರೂನ ಮೌಶಿ ಮೊದಲು ಹೇಳಿ ಮುಟ್ಟುತ್ತಿದ್ದರು. ಜ್ವರ ಬಂದ ಕೂಸಿನ ಹಣೆಯಾಗಲಿ, ಯಾರದೋ ಸೆರಗಿನ ಮೇಲೆ ಕುಳಿತ ಹುಳುವಾಗಲಿ, "ಕೈ ಹಚ್ಚತೀನಿ ನೋಡವಾ" ಎಂದು ಹೇಳಿ, ಒಂದು ಗಳಿಗೆ ತಡೆದು, ಆಮೇಲೆ ಕೈ ಚಾಚುವರು. ಬೆಟಗೇರಿಯ ನಮ್ಮ ಓಣಿಯಲ್ಲಿ ಇದೊಂದು ನಗೆಯ ವಿಷಯವಾಗಿತ್ತು. ನಾವು ಹುಡುಗಿಯರು ಮುಟ್ಟಾಟ ಆಡುವಾಗ ಅವರ ಹಾಗೆ ಧ್ವನಿ ದಪ್ಪ ಮಾಡಿ "ಕೈ ಹಚ್ಚತೀನಿ ನೋಡವಾ" ಎನ್ನುತ್ತಿದ್ದೆವು. ಅಷ್ಟು ಹೇಳಿ ಮುಗಿಸುವುದರೊಳಗೆ ಸಿಕ್ಕಿಬೀಳಬೇಕಾದವಳು ಓಣಿಯ ತುದಿ ಸೇರಿರುತ್ತಿದ್ದಳು.

ಮೌಶಿ ಪೊಲೀಸ್ ಇಲಾಖೆಯಲ್ಲಿದ್ದರು. ಗದಗಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದ ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ನೌಕರಿ ಇವರಿಗೆ ಬಂತು. ಮಕ್ಕಳಿರಲಿಲ್ಲ. ಗಂಡಸರ ಸಮಕ್ಕೆ ನಿಲ್ಲುವ ಎತ್ತರ, ಖಾಕಿ ಸೀರೆಯ ಮೇಲೆ ಅಗಲವಾದ ಬೆಲ್ಟು, ಬಾಯಲ್ಲಿ ಸದಾ ಒಂದು ಲವಂಗ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹೆಣ್ಣು ಪೊಲೀಸರೆಂದರೆ ನೋಡಲು ಜನ ಬಾಗಿಲಿಗೆ ಬರುತ್ತಿದ್ದರು. ಶಿರಹಟ್ಟಿಯಲ್ಲಿರಲಿ, ಮುಂಡರಗಿಯಲ್ಲಿರಲಿ, ಹೆಂಗಸಿನ ಮೈ ಶೋಧಿಸುವ ಕೆಲಸ ಬಿದ್ದರೆ ಇವರಿಗೇ ಕರೆ. ಬಸ್ಸು ಹತ್ತಿ ಹೋಗುವರು, ಕೆಲಸ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಅವ್ವ ಕೊಟ್ಟ ಚಹಾ ಕುಡಿಯುವರು. ಎಲ್ಲಿಗೆ ಹೋಗಿದ್ದರೆಂದು ಹೇಳುತ್ತಿದ್ದರು. ಏನು ಸಿಕ್ಕಿತೆಂದು ಮಾತ್ರ ಹೇಳುತ್ತಿರಲಿಲ್ಲ. ಅವ್ವ ಎಷ್ಟು ಕೆದಕಿದರೂ "ಅದು ಅವರ ಮೈ ವೈನಿ, ನನ್ನ ಮಾತಲ್ಲ" ಎಂದು ಬಟ್ಟಲು ಕೆಳಗಿಡುವರು.

ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ. ಈದ್ ದಿನ ಅವರ ಮನೆಯ ಶ್ಯಾವಿಗೆ ಪಾಯಸ, ಸುರಕುಂಬಾ, ಮುಚ್ಚಿದ ಪಾತ್ರೆಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು, ನಾಗರಪಂಚಮಿಯ ಉಂಡಿ ಅದೇ ಪಾತ್ರೆಯಲ್ಲಿ ತಿರುಗಿ ಹೋಗುತ್ತಿತ್ತು. ಅಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಅವರನ್ನು ಮೌಶಿ ಅಣ್ಣಾ ಎಂದು ಕರೆಯುತ್ತಿದ್ದರು. ನನಗೂ ಅಕ್ಕ ಗಿರಿಜಾಳಿಗೂ ಜಡೆ ಹಾಕುತ್ತಿದ್ದವರು ಅವರೇ, ಅವ್ವನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಹೇಳಿ ಮುಟ್ಟುವ ಚಾಳಿ ಎಲ್ಲಿಂದ ಬಂತೆಂದು ಒಮ್ಮೆ ಅಕ್ಕ ಕೇಳಿದ್ದಳು. ಮೌಶಿಯ ತಾಯಿ ಬೀಬಿಜಾನ್ ಲಕ್ಷ್ಮೇಶ್ವರದಲ್ಲಿ ಬಳೆ ಮಾರುತ್ತಿದ್ದರು. ಸಣ್ಣವರಿದ್ದಾಗ ಮೌಶಿ ಅವರ ಪಕ್ಕದಲ್ಲಿ ಕುಳಿತು ಕಲಿತದ್ದಂತೆ. "ಹೇಳದ ಹಿಡದ್ರ ಹೆಣ್ಮಕ್ಕಳು ಕೈ ಬಿಗಿ ಮಾಡತಾರ. ಬಿಗಿ ಮಾಡಿದ್ರ ಬಳಿ ಒಡೀತಾವ, ಕೈಗೆ ಗಾಯ ಆಗತೈತಿ. ಹೇಳಿ ಹಿಡದ್ರ ತಾವ ಸಡಲ ಬಿಡತಾರ," ಎಂದು ಹೇಳಿ ಅಕ್ಕನ ಜಡೆಯ ತುದಿಗೆ ರಿಬ್ಬನ್ ಬಿಗಿದರು.

ಅವರ ಕೆಲಸದ ರೀತಿ ನಮಗೆ ತಿಳಿದದ್ದು ಅವರ ಬಾಯಿಂದ ಅಲ್ಲ, ಕಾಶವ್ವನಿಂದ. ಕಾಶವ್ವ ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿಯ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಆ ಮನೆಯ ಸೊಸೆಯ ಬೆಂಡೋಲೆ ಕಾಣೆಯಾದಾಗ ಇವಳ ಮೇಲೆ ಅನುಮಾನ ಬಂತು. ಶೋಧಿಸಲು ಮೌಶಿಯನ್ನು ಕರೆಸಿದರು. ಮನೆಯ ಹೆಂಗಸರೆಲ್ಲ ನೋಡಲು ಪಡಸಾಲೆಯಲ್ಲಿ ಸೇರಿದ್ದರಂತೆ, ನೆರೆಯವರೂ ಬಂದಿದ್ದರಂತೆ. ಮೌಶಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಕೈ ಹಚ್ಚುತ್ತೇನೆಂದು ಹೇಳಿ ಹಚ್ಚಿದರು. ಕಾಶವ್ವನ ಸೊಂಟದಲ್ಲಿ, ಸೀರೆಯ ನಿರಿಗೆಯ ಒಳಗೆ, ಅಡಿಗೆಮನೆಯಿಂದ ತೆಗೆದ ಎರಡು ರೊಟ್ಟಿ ಇದ್ದವು. ಅವಳ ಮನೆಯಲ್ಲಿ ಇಬ್ಬರು ಮಕ್ಕಳು. ಮೌಶಿ ಆ ರೊಟ್ಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಸೆರಗು ಸರಿಪಡಿಸಿ, ಬಾಗಿಲು ತೆರೆದು, ಬೆಂಡೋಲೆ ಇಲ್ಲ ಎಂದರು. ಎಲ್ಲಾ ಬಿಚ್ಚಿಸಿ ನೋಡಿದಿಯಾ, ಬೇರೆ ಏನೂ ಇರಲಿಲ್ಲವಾ ಎಂದು ಯಜಮಾನಿ ಕೇಳಿದಳಂತೆ. "ನೀವು ದೂರು ಕೊಟ್ಟಿದ್ದು ಬೆಂಡೋಲಿದು. ಅದು ಇಲ್ಲ," ಎಂದು ಮೌಶಿ ನೇರ ಬಸ್ ಸ್ಟ್ಯಾಂಡಿಗೆ ನಡೆದರು. ಬೆಂಡೋಲೆ ನಾಲ್ಕು ದಿನಗಳ ಮೇಲೆ ಹಾಸಿಗೆಯ ಹೊಲಿಗೆಯಲ್ಲಿ ಸಿಕ್ಕಿತು. ಕಾಶವ್ವ ಮುಂದೆ ಬೆಟಗೇರಿಗೆ ಬಂದು ನೆಲೆಸಿದಾಗ ಈ ಕತೆಯನ್ನು ನಮ್ಮ ಕಟ್ಟೆಯ ಮೇಲೆ ಹೇಳಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥವರು ನಮ್ಮ ನೆರೆಯಲ್ಲಿದ್ದಾರಲ್ಲ ಎಂದು ನನಗೆ ಹೆಮ್ಮೆ. ಆಗ ನನಗೆ ಎಲ್ಲ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಎಂಬತ್ತರ ದಶಕ ಶುರುವಾದಾಗ ಮೌಶಿಗೆ ದೂರದ ಊರೊಂದರ ವಿಮಾನ ನಿಲ್ದಾಣಕ್ಕೆ ಎರವಲು ಸೇವೆಯ ಆದೇಶ ಬಂತು. ವಿಮಾನಗಳನ್ನು ದಾರಿಯಲ್ಲೇ ಅಪಹರಿಸುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದ್ದ ಕಾಲ ಅದು. ಪ್ರಯಾಣಿಕರ ತಪಾಸಣೆ ಬಿಗಿಯಾಗಿತ್ತು. ಹೆಂಗಸರನ್ನು ಹೆಂಗಸರೇ ನೋಡಬೇಕು, ಇಲಾಖೆಯಲ್ಲಿ ಹೆಂಗಸರು ಕಡಿಮೆ. ಹಾಗಾಗಿ ಜಿಲ್ಲೆಗಳಿಂದ ಕರೆಸಿಕೊಳ್ಳುತ್ತಿದ್ದರು. ಆ ಊರಿನ ಹೆಸರು ಇಲ್ಲಿ ಬೇಡ. ನಮ್ಮ ಓಣಿಗೆ ಅದು ಬರೀ "ಇಮಾನ ಊರು". ಎರಡು ತಿಂಗಳಿಗೊಮ್ಮೆ ಮೌಶಿ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಊರಿಗೆ ಬಂದರೆ ಓಣಿಯೆಲ್ಲ ನಮ್ಮ ಕಟ್ಟೆಯ ಸುತ್ತ ಸೇರುತ್ತಿತ್ತು. ವಿಮಾನದಲ್ಲಿ ಕೂತಿರೇನ್ರಿ ಎಂಬುದು ಎಲ್ಲರ ಮೊದಲ ಪ್ರಶ್ನೆ. ಅವರು ಒಮ್ಮೆಯೂ ಕೂತಿರಲಿಲ್ಲ. ಅವರ ಜಾಗದಿಂದ ವಿಮಾನ ಕಾಣುತ್ತಲೂ ಇರಲಿಲ್ಲ, ಸಪ್ಪಳ ಮಾತ್ರ ಕೇಳುತ್ತಿತ್ತಂತೆ.

ಅವರು ನಿಲ್ಲುತ್ತಿದ್ದದ್ದು ನಮ್ಮ ಬಚ್ಚಲಷ್ಟೇ ಅಗಲದ ಒಂದು ಗೂಡಿನಲ್ಲಿ. ಮೂರು ಕಡೆ ಹಲಗೆ, ಒಂದು ಕಡೆ ಹಸಿರು ಪರದೆ, ಒಳಗೊಂದು ಸ್ಟೂಲು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬರಬೇಕು. ಕೈಯಲ್ಲಿ ಹಿಡಿಯುವ ಒಂದು ಯಂತ್ರ ಕೊಟ್ಟಿದ್ದರು, ಲೋಹ ಕಂಡರೆ ಅದು ಕುಂಯ್ ಎನ್ನುತ್ತಿತ್ತು. ತಾಳಿಗೂ ಕುಂಯ್, ಕಾಲುಂಗುರಕ್ಕೂ ಕುಂಯ್, ರವಿಕೆಯ ಪಿನ್ನಿಗೂ ಕುಂಯ್. ಕೊನೆಗೆ ಕೈಯಿಂದಲೇ ನೋಡಬೇಕು. ಕೈಚೀಲ ತೆಗೆಸಿ ನೋಡಬೇಕು, ಆಮೇಲೆ ವಿಮಾನ ಹತ್ತುವ ಚೀಟಿಯ ಮೇಲೆ ಮುದ್ರೆ ಒತ್ತಬೇಕು. ಇವರು ಪ್ರತಿಯೊಬ್ಬರಿಗೂ ಹೇಳಿ, ತಡೆದು, ಆಮೇಲೆ ಮುಟ್ಟುವುದರಿಂದ ಸಾಲು ಉದ್ದವಾಗಿ ಮೇಲಿನವರು ಬೈಯುತ್ತಿದ್ದರಂತೆ. ಮೌಶಿ ಅದೊಂದನ್ನು ಬಿಡಲಿಲ್ಲ.

ಒಂದು ಸಲ ಊರಿಗೆ ಬಂದವರು ತೀರ ಬೇಸತ್ತಂತೆ ಕಂಡರು. ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ಪರದೆಯ ಹೊರಗೇ ನಿಂತು, ನನ್ನ ಮೈ ಮುಟ್ಟಲು ನೀನು ಯಾರು ಎಂದಿದ್ದಳಂತೆ. ಮೌಶಿ ಒಳಗೆ ಬರಬೇಕೆಂದು ಪಟ್ಟು ಹಿಡಿದರು. ಆಕೆಯ ಹಿಂದೆ ನಮ್ಮ ಮುಂಡರಗಿ ಕಡೆಯ ಒಬ್ಬ ಮುದುಕಿ, ಮೊದಲ ಬಾರಿ ಮಗನ ಊರಿಗೆ ಹೊರಟವಳು, ಹೆದರಿ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಮೇಲಿನವರು ಬಂದು ಅಧಿಕಾರಿಯ ಹೆಂಡತಿಯನ್ನು ಹಾಗೆಯೇ ಬಿಡಿಸಿದರು. ಮುದುಕಿಯನ್ನು ಮಾತ್ರ ಪೂರ್ತಿ ನೋಡಬೇಕಾಯಿತು. ಗಂಟು ಬಿಚ್ಚಿದರೆ ಅದರಲ್ಲಿ ಹೊಲದ ಮಣ್ಣು. ಮೊಮ್ಮಗನ ಹಣೆಗೆ ಹಚ್ಚಲೆಂದು ಒಯ್ಯುತ್ತಿದ್ದಳು. "ಆಕಿನ್ನ ಬಿಟ್ಟು ಈಕಿನ್ನ ನೋಡಿದ್ನೆಲ್ಲಾ ವೈನಿ, ಆ ಮುದುಕಿ ಕಣ್ಣಾಗ ಕಣ್ಣಿಟ್ಟು ನೋಡಾಕ ಆಗಲಿಲ್ಲ," ಎಂದರು.

ಇನ್ನೊಂದು ಮಾತನ್ನು ಅಂದೇ ಹೇಳಿದರು. ಅಪ್ಪ, ಅಷ್ಟು ಜನರನ್ನು ನೋಡಿದೆಯಲ್ಲ, ಬಾಂಬು ಪಿಸ್ತೂಲು ಏನಾದರೂ ಸಿಕ್ಕಿತೇ ಎಂದು ಕೇಳಿದ್ದರು. ಸಿಕ್ಕದ್ದು ಅಡಕೊತ್ತು, ಕತ್ತರಿ, ಮಾವಿನಕಾಯಿ ಹೆಚ್ಚುವ ಚಾಕು. ಮೌಶಿ ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡರು. "ಏನೂ ಸಿಗಲಿಲ್ಲ ಅಂದ್ರ ನಾ ಛಲೋ ಕೆಲಸಾ ಮಾಡೀನಿ ಅಂತನ ಅಣ್ಣಾ? ಇಲ್ಲಾ, ಅಷ್ಟೂ ಮಂದಿ ಮೈ ಸುಮ್ಮನ ಮುಟ್ಟೀನಿ ಅಂತನ? ನನಗ ತಿಳೀವಲ್ದು." ಅಪ್ಪ, ಒಂದು ಸಿಕ್ಕರೂ ಮುನ್ನೂರು ಜೀವ ಉಳಿಯುತ್ತವಲ್ಲ ಎಂದೇನೋ ಹೇಳಿದರು. ಮೌಶಿ ಹೂಂ ಎಂದರು, ಆದರೆ ಒಪ್ಪಿದಂತೆ ಕಾಣಲಿಲ್ಲ.

ಅಕ್ಕನ ಮದುವೆ ಆದದ್ದು ಇದೇ ದಿನಗಳಲ್ಲಿ. ಹುಡುಗ ಶಿರಹಟ್ಟಿಯವರು, ಕೊಲ್ಲಿ ದೇಶದ ಒಂದು ಕಂಪನಿಯಲ್ಲಿ ಫಿಟ್ಟರ್. ಮೆಲುಮಾತು, ಹಿರಿಯರ ಎದುರು ತಲೆ ಎತ್ತುತ್ತಿರಲಿಲ್ಲ. ಅಪ್ಪನಿಗೆ ಟಾರ್ಚು, ಅವ್ವನಿಗೆ ಹೂವಿನ ಸೀರೆ, ನನಗೆ ಮುಚ್ಚಳ ತೆಗೆದರೆ ಹಾಡುವ ಪೆಟ್ಟಿಗೆ ತಂದುಕೊಟ್ಟಿದ್ದರು. ಭಾವ ಮದುವೆ ಮುಗಿಸಿ ಒಬ್ಬರೇ ಹೋದರು, ಒಂದು ವರ್ಷದ ಮೇಲೆ ಅಕ್ಕನನ್ನು ಕರೆದೊಯ್ಯಲು ಬಂದರು. ಹೊರಡುವ ಮೊದಲು ಎರಡು ತಿಂಗಳು ಇಬ್ಬರೂ ಶಿರಹಟ್ಟಿಯಲ್ಲಿದ್ದರು. ನಮ್ಮಲ್ಲಿಗೆ ಅಕ್ಕ ಬಂದದ್ದು ಕೊನೆಯ ಎರಡೇ ದಿನ. ಬಿರುಬೇಸಿಗೆಯಲ್ಲಿ ಮುಂಗೈವರೆಗಿನ ತೋಳಿನ ರವಿಕೆ ತೊಟ್ಟಿದ್ದಳು. ಆ ದೇಶದಲ್ಲಿ ಹೀಗೇ ತೊಡಬೇಕು, ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ ಎಂದಳು. ಮಗಳಿಗೆ ಎಷ್ಟು ತಿಳಿವಳಿಕೆ ಬಂತು ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ತಲೆಗೆ ನೀರು ಹಾಕುತ್ತೇನೆ ಬಾ ಎಂದು ಕರೆದರೆ ಅಕ್ಕ ಒಳಗಿನಿಂದ ಅಗಳಿ ಹಾಕಿಕೊಂಡು ತಾನೇ ಎರೆದುಕೊಂಡಳು. ಮದುವೆಯಾದ ಹುಡುಗಿಗೆ ನಾಚಿಕೆ ಸಹಜ ಎಂದುಕೊಂಡೆವು.

ಅವರ ವಿಮಾನ ಹೊರಡುವುದು ಮೌಶಿ ಇದ್ದ ಊರಿನಿಂದಲೇ. ಅಪ್ಪ ಅಲ್ಲಿಯವರೆಗೆ ಕಳಿಸಲು ಹೋದರು. ತಿರುಗಿ ಬಂದು ಸಂಭ್ರಮದಿಂದ ಹೇಳಿದರು, ಒಳಗೆ ನಮ್ಮ ಖೈರೂನಳೇ ಪಾಳಿಯಲ್ಲಿದ್ದಳು, ಪರಕೀಯರ ಕೈ ನಮ್ಮ ಹುಡುಗಿಗೆ ತಾಗಲಿಲ್ಲ. ಪಾಳಿ ಮುಗಿಸಿ ಮೌಶಿ ಹೊರಗೆ ಬಂದು ಅಪ್ಪನ ಜೊತೆ ಚಹಾ ಕುಡಿದಿದ್ದರು. ಗಿರಿಜಾ ಹೋದಳಣ್ಣಾ ಎಂದಷ್ಟೇ ಹೇಳಿದ್ದರು. ಮುಖ ಬಾಡಿತ್ತು, ಆಕೆಗೂ ಮಗಳನ್ನು ಕಳಿಸಿದಷ್ಟೇ ಸಂಕಟವಾಗಿರಬೇಕು ಎಂದು ಅಪ್ಪ ಹೇಳಿದಾಗ ಅವ್ವನ ಕಣ್ಣು ತುಂಬಿತು.

ಮೊದಮೊದಲು ತಿಂಗಳಿಗೊಂದು ಪತ್ರ ಬರುತ್ತಿತ್ತು. ಆಮೇಲೆ ಮೂರು ತಿಂಗಳಿಗೊಂದು, ಆಮೇಲೆ ಭಾವನ ಕೈಬರಹದ ನಾಲ್ಕು ಸಾಲು. ಒಂದೂವರೆ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಬ್ಬಳೇ ಟಾಂಗಾದಿಂದ ಇಳಿದಳು. ಅಲ್ಲಿಯ ಆಸ್ಪತ್ರೆಯ ಒಬ್ಬ ಕೇರಳದ ದಾದಿ ಕಂಪನಿಯವರೊಡನೆ ಜಗಳವಾಡಿ ಇವಳನ್ನು ವಿಮಾನ ಹತ್ತಿಸಿದ್ದಳು. ಅವ್ವ ಎಡಗಡೆಯಿಂದ ಗಿರಿಜಾ ಎಂದು ಕೂಗುತ್ತ ಓಡಿ ಬಂದರೆ ಅಕ್ಕ ತಿರುಗಿ ನೋಡಲಿಲ್ಲ. ಒಂದು ಏಟಿಗೆ ಎಡಗಿವಿ ಪೂರ್ತಿ ಕಿವುಡಾಗಿತ್ತು.

ಮೂರ್ನಾಲ್ಕು ದಿನ ಕಳೆದವು. ಆಮೇಲೆ ಬುಟ್ಟಿಯಲ್ಲಿ ಜೋಳ ಹಸನು ಮಾಡುತ್ತ ಕುಳಿತವಳು, ಹೊಡೆತ ಶುರುವಾದದ್ದು ಅಲ್ಲಿಯಲ್ಲ, ಶಿರಹಟ್ಟಿಯಲ್ಲೇ, ಹೊರಡುವ ಮುಂಚಿನ ಆ ಎರಡು ತಿಂಗಳಲ್ಲೇ ಎಂದಳು. ಆ ಉದ್ದ ತೋಳಿನ ರವಿಕೆ ಅದಕ್ಕೇ. ನಮಗೆ ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ಅಪ್ಪ ತಲೆ ಹಿಡಿದುಕೊಂಡರು. ಅಕ್ಕ ಯಾವ ಕಹಿಯೂ ಇಲ್ಲದೆ ಹೇಳಿದಳು, "ಖೈರೂನ ಮೌಶಿಗೆ ಗೊತ್ತಿತ್ತು. ಪರದೆ ಒಳಗ ನೋಡಿದ್ರು."

ಅವ್ವ ಅಂದಿನಿಂದ ಮೌಶಿಯ ರಜೆಯ ದಿನ ಎಣಿಸುತ್ತಿದ್ದಳು. ಅವರು ಬಂದು ಬೀಗ ತೆಗೆಯುವ ಸಪ್ಪಳ ಕೇಳಿದ್ದೇ ಕೈಯ ಹಿಟ್ಟು ತೊಳೆಯದೆ ಎದ್ದು ಹೋದಳು. ನಾನು ಹಿಂದೆ ಹೋದೆ. ಮೌಶಿಗೆ ಅಕ್ಕ ಬಂದ ವಿಷಯವೇ ತಿಳಿದಿರಲಿಲ್ಲ. ಟ್ರಂಕು ಕೈಯಲ್ಲೇ ಇತ್ತು.

"ನೀ ನೋಡಿದ್ದಿ," ಅವ್ವ ಹೇಳಿದಳು. "ನಮ್ಮ ಗಂಗಾಳದಾಗ ಉಂಡಾಕಿ ನೀ. ಹೊರಗ ಆಕಿ ಅಪ್ಪನ ಜೋಡಿ ಕುಂತು ಚಾ ಕುಡದಿ. ಆಮ್ಯಾಲೂ ಎಷ್ಟ ಸಲ ಊರಿಗೆ ಬಂದು ಹೋದಿ. ಒಂದ್ ಮಾತು ಹೇಳಾಕ ನಿನಗೇನಾಗಿತ್ತು?"

ಮೌಶಿ ಟ್ರಂಕು ಕೆಳಗಿಟ್ಟರು. "ಆಕಿ ಹೇಳಬ್ಯಾಡ ಅಂದ್ಲು ವೈನಿ."

"ಆಕಿ ಇಪ್ಪತ್ತೊಂದ ವರ್ಷದ ಹುಡುಗಿ. ಹೆದರಿದಾಕಿ. ಹೆದರಿದಾಕಿ ಮಾತು ಹಿಡಕೊಂಡು ಕುಂತೆಲ್ಲಾ. ನಿನ್ನ ಹೊಟ್ಟ್ಯಾಗ ಹುಟ್ಟಿದ್ರ ಹಿಂಗ ಕಳಸತಿದ್ದೇನು?"

ಮಕ್ಕಳಿಲ್ಲದ ಹೆಂಗಸಿಗೆ ಆಡಬಾರದ ಮಾತು ಅದು. ಅವ್ವನಿಗೂ ಅದು ಗೊತ್ತಿತ್ತು, ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ. ಮೌಶಿ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಗಿರಿಜಾ ಹೇಗಿದ್ದಾಳೆ ಎಂದು ನನ್ನ ಕಡೆ ನೋಡಿ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಆ ವರ್ಷ ಈದ್ ಬಂತು, ಪಾತ್ರೆ ಬರಲಿಲ್ಲ. ಮರುವರ್ಷ ಮೌಶಿ ಬೆಟಗೇರಿಯ ಮನೆ ಖಾಲಿ ಮಾಡಿದರು.

ಪರದೆಯೊಳಗೆ ನಡೆದದ್ದೇನೆಂದು ನಾನು ಅಕ್ಕನನ್ನು ಕೇಳಲು ಬಹಳ ದಿನ ಹಿಡಿಯಿತು. ಅವಳ ಬಲಗಡೆಗೆ ಕುಳಿತು ಕೇಳಿದೆ. ಮೌಶಿ ಎಂದಿನಂತೆ ಹೇಳಿ ಬೆನ್ನಿಗೆ ಕೈ ಹಚ್ಚಿದ್ದರು, ಅಕ್ಕನ ಬಾಯಿಂದ ನರಳಿಕೆ ಬಂದಿತ್ತು. ಮೌಶಿ ತೋಳು ಸರಿಸಿ ನೋಡಿದರು, ಬೆನ್ನು ನೋಡಿದರು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಹೊರಗೆ ಸಾಲು ನಿಂತಿತ್ತು, ಯಾರೋ ಜಲ್ದಿ ಎನ್ನುತ್ತಿದ್ದರು. ಮೌಶಿ ಕಿವಿಯ ಹತ್ತಿರ ಬಗ್ಗಿ ಹೇಳಿದ ಮಾತನ್ನು ಅಕ್ಕ ಹಾಗೆಯೇ ಹೇಳಿದಳು: "ಗಿರಿಜಾ, ನೀ ಹೂಂ ಅನ್ನು ಸಾಕು. ನಿನ್ನ ಚೀಲದಾಗ ಏನೋ ಸಿಕ್ಕೈತಿ ಅಂತ ಹೇಳಿ ನಿನ್ನ ಇಲ್ಲೇ ತಡೀತೀನಿ. ಇಮಾನ ಹೋಗಲಿ. ಅಣ್ಣ ಹೊರಗ ಅದಾರ. ನನ್ನ ನೌಕರಿ ಹೋದ್ರ ಹೋಗಲಿ."

ಅಕ್ಕ ಹೂಂ ಎನ್ನಲಿಲ್ಲ. ಯಾಕೆ ಎಂದು ಕೇಳಿದೆ. ಅವಳು ನನ್ನತ್ತ ಬೆರಳು ಮಾಡಿದಳು. ಅವಳು ಹೊರಡುವಾಗ ನನ್ನ ಮದುವೆಯ ಮಾತುಕತೆ ನಡೆದಿತ್ತು. ಅಕ್ಕ ಗಂಡನನ್ನು ಬಿಟ್ಟು ಬಂದಳೆಂದರೆ ತಂಗಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಅಪ್ಪನಿಗೆ ಹೇಳಬಾರದೆಂದು ಮೌಶಿಯ ಕೈಯಿಂದ ಆಣೆ ಹಾಕಿಸಿಕೊಂಡಳು. ಮೌಶಿ ಚೀಟಿಯ ಮೇಲೆ ಮುದ್ರೆ ಒತ್ತಿದರು. ಮೊದಲ ಸಲ ಮೂಡಲಿಲ್ಲ, ಎರಡನೆಯ ಸಲ ಚೀಟಿ ಕೈಯಿಂದ ಜಾರಿತು. ಮೂರನೆಯ ಸಲ ಅಕ್ಕನೇ ಚೀಟಿ ಹಿಡಿದುಕೊಂಡಳು.

ನನ್ನ ಆ ಸಂಬಂಧ ಅಕ್ಕ ವಿಮಾನ ಹತ್ತಿದ ತಿಂಗಳೊಳಗೇ ತಪ್ಪಿತ್ತು. ಅವರು ಬೇರೆ ಕಡೆ ಹೆಣ್ಣು ನಿಶ್ಚಯ ಮಾಡಿದ್ದರು.

ಮೌಶಿಯ ಮೇಲೆ ನಿನಗೆ ಸಿಟ್ಟಿಲ್ಲವೇ ಎಂದು ಕೇಳಿದೆ. "ನಿನಗೇನ ಬೇಕು ಅಂತ ನನ್ನ ಕೇಳಿದಾಕಿ ಆಕಿ ಒಬ್ಬಾಕಿನ," ಎಂದಳು. ನಾನು ಮಾತ್ರ ಗೊಂದಲದಲ್ಲಿ ಬಿದ್ದೆ. ಕಾಶವ್ವನ ರೊಟ್ಟಿಯ ಗುಟ್ಟು ಕಾಪಾಡಿದ್ದಕ್ಕೆ ಹೆಮ್ಮೆ ಪಟ್ಟವಳು ನಾನೇ. ಅಕ್ಕನ ಬೆನ್ನಿನ ಗುಟ್ಟು ಕಾಪಾಡಿದ್ದಕ್ಕೆ ಅವರನ್ನು ದೂರಲು ಹೇಗೆ ಸಾಧ್ಯ? ಆದರೆ ಅಕ್ಕನ ಎಡಗಡೆ ಮಲಗಿ ಏನೋ ಪಿಸುಗುಟ್ಟಿ, ಅವಳಿಗೆ ಕೇಳದೆ ಹೋದಾಗಲೆಲ್ಲ ಅವ್ವನ ಮಾತೇ ಸರಿ ಎನಿಸುತ್ತಿತ್ತು. ಮುನ್ನೂರು ಜನರ ಜೀವಕ್ಕೆ ಅಪಾಯವಾಗಬಾರದೆಂದು ಅವಳ ಮೈಯನ್ನು ನೋಡಿದರು. ಅವಳ ಮೈಗೇ ಇದ್ದ ಅಪಾಯ ಕಣ್ಣೆದುರು ಕಂಡಾಗ ಅದು ಅವಳ ಸ್ವಂತ ವಿಷಯವಾಯಿತು. ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ಒಂದು ತುದಿ ಸಿಗಲಿಲ್ಲ.

ಅಕ್ಕ ಅಪ್ಪನ ಮುದ್ರಣಾಲಯಕ್ಕೇ ಕೆಲಸಕ್ಕೆ ಸೇರಿದಳು. ಯಂತ್ರದ ಗದ್ದಲದಲ್ಲಿ ಅಲ್ಲಿ ಎಲ್ಲರೂ ಅರ್ಧ ಕಿವುಡರೇ, ನಾನೊಬ್ಬಳೇ ಬೇರೆಯಲ್ಲ ಎನ್ನುತ್ತಿದ್ದಳು. ನಾನು ಡಂಬಳದ ಶಾಲೆಯಲ್ಲಿ ಶಿಕ್ಷಕಿಯಾದೆ. ಒಮ್ಮೆ ಶಾಲೆಯ ಕಾಗದಪತ್ರದ ಕೆಲಸಕ್ಕೆ ಮುಂಡರಗಿಗೆ ಹೋಗಿ ಮಧ್ಯಾಹ್ನ ತಿರುಗಿ ಬರಲು ಬಸ್ಸಿಗೆ ಕಾಯುತ್ತಿದ್ದೆ. ಕಟ್ಟೆಯ ಮೇಲೆ ಮೌಶಿ ಕುಳಿತಿದ್ದರು. ಖಾಕಿ ಇಲ್ಲ, ನೀಲಿ ನೂಲಿನ ಸೀರೆ. ತುಂಬ ಸೊರಗಿದ್ದರು. ವಿಮಾನದ ಕೆಲಸ ಬಿಡಿಸಿಕೊಂಡು ಮುಂಡರಗಿಗೆ ಬಂದಿದ್ದರು, ಈಗ ನೌಕರಿಯನ್ನೇ ಬಿಟ್ಟು ಹೊಸಪೇಟೆಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಕುಳಿತೆ. ಅಕ್ಕ ಮೊಳೆ ಜೋಡಿಸುತ್ತಾಳೆ ಎಂದು ಕೇಳಿ ಅವರ ಮುಖ ಅರಳಿತು. ಒಳ್ಳೆಯದಾತು, ಒಳ್ಳೆಯದಾತು ಎಂದು ಎರಡು ಸಲ ಹೇಳಿದರು.

ನಾನು ಕೇಳಿಯೇಬಿಟ್ಟೆ. ಯಾಕೆ ಹೇಳಲಿಲ್ಲ ಮೌಶಿ, ಆಣೆಯನ್ನು ಮುರಿಯಬಾರದಾಗಿತ್ತೇ?

ಅವರಿಗೆ ಸಿಟ್ಟು ಬರಲಿಲ್ಲ. ಅವ್ವ ಬೈದು ಹೋದ ಮೇಲೆ ಪಾಳಿಗೆ ಮರಳಿದ ಕತೆಯನ್ನು ಹೇಳಿದರು. ಇನ್ನು ಇಂಥದ್ದು ಕಂಡರೆ ಸುಮ್ಮನಿರಬಾರದೆಂದು ನಿಶ್ಚಯ ಮಾಡಿಕೊಂಡಿದ್ದರಂತೆ. ಎರಡು ತಿಂಗಳ ಮೇಲೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಬಂದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತು. ಕೇಳಿದರೆ ಬಾಯಿ ಬಿಡಲಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ಕೈಮುಗಿದಳು. ಇವರು ಬಿಡಲಿಲ್ಲ, ಮೇಲಿನವರಿಗೆ ತಿಳಿಸಿದರು. ಅವರು ಅವಳನ್ನು ಕೂರಿಸಿಕೊಂಡು ವಿಚಾರಿಸಿ, ಅವಳ ಮನೆಗೆ ಫೋನು ಮಾಡಿದರು. ಗಂಡ ಬಂದ.

"ಆಕಿ ತವರಮನಿಗೆ ಓಡಿ ಹೊಂಟಿದ್ಲವ್ವಾ," ಮೌಶಿ ಹೇಳಿದರು. "ಅವನ ಕೈಯಾಗಿಂದ ತಪ್ಪಿಸ್ಕೊಂಡು. ಇನ್ನ ಅರ್ಧ ತಾಸು ಸುಮ್ಮನಿದ್ದಿದ್ರ ಇಮಾನ ಹತ್ತತಿದ್ಲು. ನಾನ ಹಿಡಕೊಟ್ಟೆ. ಅವನ ಹಿಂದ ಹೋಗಬೇಕಾರ ನನ್ನ ಕಡೆ ಒಮ್ಮೆ ತಿರುಗಿ ನೋಡಿದ್ಲು."

ಆಮೇಲೆ ಅವಳಿಗೆ ಏನಾಯಿತೆಂದು ಕೇಳಿದೆ. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದರು. ಅದೇ ವಾರ ತನ್ನನ್ನು ಅಲ್ಲಿಂದ ಬಿಡಿಸಿ ಎಂದು ಅರ್ಜಿ ಕೊಟ್ಟರಂತೆ. ನಮ್ಮೆದುರು ಒಂದು ಬಸ್ಸು ಬಂದು ನಿಂತು, ಜನ ಇಳಿದು, ಜನ ಹತ್ತಿ, ಹೊರಟುಹೋಯಿತು.

"ನಿಮ್ಮವ್ವ ಅಂದಿದ್ದು ಖರೆ ಐತಿ. ಗಿರಿಜಾ ಬ್ಯಾಡ ಅಂದಿದ್ದೂ ಖರೆ ಐತಿ. ಎರಡೂ ಖರೆ ಇದ್ರ ಮನಶಾ ಏನ ಮಾಡಬೇಕು? ನೀ ಸಾಲಿ ಕಲಸಾಕಿ. ನೀನರ ಹೇಳು."

ಕೇಳಿದ ರೀತಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಉತ್ತರ ಬೇಕಾಗಿತ್ತು ಅವರಿಗೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊಸಪೇಟೆಯ ಬಸ್ಸು ಬಂತು. ಟ್ರಂಕು ಹತ್ತಿಸಿಕೊಟ್ಟೆ. ಕಿಟಕಿಯ ಪಕ್ಕ ಕುಳಿತು, ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಇದ್ದ ಹಾಗೇ ಇದೆ ಎಂದೆ. ಅವ್ವನ ಪರವಾಗಿ ಒಂದು ಒಳ್ಳೆಯ ಮಾತನ್ನು ನಾನೇ ಹುಟ್ಟಿಸಿ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ.

ಮರುವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಕಾಶವ್ವನಿಂದ ಬಂತು. ಹೂತು ಎಂಟು ದಿನವಾಗಿತ್ತು. ಅವ್ವ ಕೇಳಿಸಿಕೊಂಡು ಒಲೆಯ ಮುಂದೆ ಹೋಗಿ ಕುಳಿತಳು. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತುವಂತಿರಲಿಲ್ಲ. ಅಕ್ಕ ನಾಳೆ ಹೊಸಪೇಟೆಗೆ ಹೋಗುತ್ತೇನೆ ಎಂದಾಗ ಅವ್ವ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬುತ್ತಿಯನ್ನು ಬಾಗಿಲ ಪಕ್ಕ ಇಟ್ಟಿದ್ದಳು. ಒಬ್ಬರಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಇತ್ತು. ಯಾರಿಗೆ ಎಂದು ಅಕ್ಕ ಕೇಳಲಿಲ್ಲ.

ಅವಳು ಮರುದಿನ ಸಂಜೆ ತಿರುಗಿ ಬಂದಳು. ಬುತ್ತಿಯ ಬಟ್ಟೆ ಮಡಚಿ ಚೀಲದಲ್ಲಿತ್ತು. ಕಬರಸ್ತಾನದ ಒಳಗೆ ಹೆಂಗಸರು ಹೋಗುವುದಿಲ್ಲ ಎಂದು ಮೌಶಿಯ ತಮ್ಮ ಗೋಡೆಯ ಹೊರಗಿನಿಂದಲೇ ತೋರಿಸಿದನಂತೆ. ಅಲ್ಲಿ ಬಹಳ ಹೊತ್ತು ನಿಂತಿದ್ದೆ ಎಂದಳು. ನಿಂತು ಏನು ಹೇಳಿಕೊಂಡೆ ಎಂದು ಅವ್ವ ಕೇಳಿದಳು. ಅಕ್ಕ ಸುಮ್ಮನೆ ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಕೇಳಿಸಲಿಲ್ಲವೋ, ಕೇಳಿಸಿಯೂ ಹೇಳಲಿಲ್ಲವೋ. ಅವ್ವ ನನ್ನ ಮುಖ ನೋಡಿದಳು, ಹೋಗಿ ಕೇಳು ಎನ್ನುವಂತೆ. ನಾನು ಬಚ್ಚಲ ಬಾಗಿಲವರೆಗೆ ಹೋದೆ. ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಏನೂ ಕೇಳದೆ ಹಿಂದೆ ಬಂದೆ.